ಮಸಿ ಹಿಡಿದ ಡಬ್ಬಿ

ಅಮೆರಿಕದ ಸರಕುಗಾಡಿಗಳ ಬಾಲಕ್ಕೆ ತಗುಲಿ ಹೋಗುತ್ತಿದ್ದ ‘ಕಬೂಸ್’ ಎಂಬ ಗಾರ್ಡ್ ಡಬ್ಬಿಯ ಪುಟ್ಟ ಮಾದರಿಗಳನ್ನು ನಾನು ಕೂಡಿಡುತ್ತೇನೆಂದರೆ ಮಿತ್ರರು ನಗುತ್ತಾರೆ. ನಗಲಿ. ನಿಜವಾದ ಡಬ್ಬಿಯ 87ರಲ್ಲಿ ಒಂದು ಪಾಲಿನ ಅಳತೆಯ ಇವು ಅಂಗೈಯ ಮೇಲೆ ಕೂರುತ್ತವೆ.

ನನ್ನ ತಕರಾರು ನಗುವವರೊಡನೆಯಲ್ಲ, ಇದೇ ಹವ್ಯಾಸದ ಸಹಸಂಗ್ರಾಹಕರೊಡನೆ. ಪೆಟ್ಟಿಗೆಯನ್ನು ಬಿಚ್ಚಿದರೆ ಬೆಲೆ ಇಳಿದೀತೆಂದು ಅವರು ಅದನ್ನು ಮುಟ್ಟದೆ ಕಪಾಟಿನಲ್ಲಿಡುತ್ತಾರೆ. ನಾನಾದರೋ ಮೊದಲು ಚೂರಿ ಹಿಡಿಯುತ್ತೇನೆ. ಅಚ್ಚಿನಲ್ಲಿಯೇ ಮೂಡಿಬಂದ ಪ್ಲಾಸ್ಟಿಕ್ ಹಿಡಿಕಂಬಿಗಳನ್ನು ಹೆರೆದು, ಸೂಜಿಮೊನೆಯಷ್ಟು ರಂಧ್ರ ಕೊರೆದು, ಹಿತ್ತಾಳೆಯ ತಂತಿಯನ್ನು ಬಾಗಿಸಿ ಕೂರಿಸುತ್ತೇನೆ. (ಕೈ ನಡುಗುವ ವಯಸ್ಸಿನಲ್ಲಿ ಇದು ಸಣ್ಣ ಕೆಲಸವಲ್ಲ.) ಬಳಿಕ ಬಣ್ಣದ ಸೀಮೆಸುಣ್ಣದ ಪುಡಿಯಿಂದ ತುಕ್ಕು, ಧೂಳು, ಮಸಿ. ಹೊಗೆಕೊಳವೆಯ ಸುತ್ತ ಮಸಿ ದಟ್ಟವಾಗಿರಲೇಬೇಕು, ಒಳಗೆ ಒಲೆಯಿತ್ತಲ್ಲವೆ? ಅದರ ಮೇಲೆ ಕಾಫಿ ಕಾಯುತ್ತಿತ್ತು. ಮೇಜಿನ ಬಳಿ ಕಂಡಕ್ಟರನು ಸರಕಿನ ಕಾಗದಗಳನ್ನು ಬರೆಯುತ್ತಿದ್ದನು. ಮಾಡಿನ ಮೇಲೆದ್ದ ಕಿಟಕಿಗೂಡಿನಲ್ಲಿ ಕುಳಿತವನು, ಯಾವ ಗಾಲಿಯ ಅಚ್ಚು ಕಾದು ಹೊಗೆಯಾಡುವುದೋ ಎಂದು ಗಾಡಿಯುದ್ದಕ್ಕೂ ಕಣ್ಣಿಟ್ಟಿರುತ್ತಿದ್ದನು. ಹಳಿಯ ಪಕ್ಕದಲ್ಲಿ ಅಚ್ಚಿನ ಶಾಖವನ್ನು ಅಳೆಯುವ ಯಂತ್ರಗಳೂ, ಗಾಡಿಯ ತುದಿಯಿಂದ ಬ್ರೇಕಿನ ಒತ್ತಡವನ್ನು ಇಂಜಿನ್ನಿಗೆ ತಿಳಿಸುವ ಪೆಟ್ಟಿಗೆಯೂ ಬಂದ ಮೇಲೆ, 1980ರ ದಶಕದಲ್ಲಿ, ಆ ಜನರಿಗೆ ಅಲ್ಲಿ ಸ್ಥಳವಿಲ್ಲದಾಯಿತು.

ಹೊಳೆಯುವ ಡಬ್ಬಿಯಲ್ಲಿ ಅವರನ್ನು ಕಾಣಲು ನನಗೆ ಸಾಧ್ಯವಾಗಿಲ್ಲ. ಸಂಗ್ರಾಹಕ ಮಿತ್ರರೊಬ್ಬರು ನನ್ನ ಸಾಂಟಾ ಫೆ ಕಂಪನಿಯ ಕೆಂಪು ಕಬೂಸನ್ನು ಎತ್ತಿ ನೋಡಿ, “ಹಾಳುಮಾಡಿಬಿಟ್ಟಿರಲ್ಲ!” ಎಂದು ನಿಟ್ಟುಸಿರಿಟ್ಟರು. ಮರುಮಾತಾಡದೆ ಹಿಂದಕ್ಕೆ ತೆಗೆದುಕೊಂಡೆ. ಒಲೆಯ ಬದಿಯ ಕಿಟಕಿಯ ಗಾಜಿಗೆ ಇನ್ನೂ ಹೊಗೆ ಹಿಡಿಸಬೇಕಾಗಿತ್ತು.