ಬೀಡಿಯನ್ನು ಒಮ್ಮೆಲೇ ಬಿಡುವುದೇ ಲೇಸು

ದೇವದುರ್ಗ, ಮಾನ್ವಿ ಕಡೆಯಿಂದ ರಾಯಚೂರಿಗೆ ಚಿಕಿತ್ಸೆಗೆ ಬರುವ ಭಕ್ತರಲ್ಲಿ ಹಲವರು ‘ದಿನಕ್ಕೊಂದು ಬೀಡಿ ಕಡಿಮೆ ಮಾಡುತ್ತಿದ್ದೇನೆ’ ಎನ್ನುತ್ತಾರೆ. ದುರಭ್ಯಾಸವನ್ನು ಕಾಲುಕಾಲು ಭಾಗವಾಗಿ ಬಿಡಬೇಕೆಂದು ಚರಕಸಂಹಿತೆಯೂ ಹೇಳುತ್ತದೆ. ಮೊದಮೊದಲು ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ತಂಬಾಕು ಈ ನಾಡಿಗೆ ಪೋರ್ಚುಗೀಸರೊಡನೆ ಬಂದದ್ದು, ಚರಕರು ಅದನ್ನು ಕಂಡವರಲ್ಲ. ಎರಡು ಬೀಡಿಗೆ ಇಳಿದವರು ಹೊಲದ ಕೆಲಸ ಹೆಚ್ಚಿದೊಡನೆ ಮತ್ತೆ ಕಟ್ಟಿಗೇ ಮರಳುವುದನ್ನು ಕಂಡು ನನ್ನ ಅಭಿಪ್ರಾಯ ಬದಲಾಯಿತು.

ಒಂದು ದಿನ ಗೊತ್ತುಮಾಡಿ ಪೂರ್ಣವಾಗಿ ತ್ಯಜಿಸಿರಿ. ಮೊದಲ ಮೂರು ದಿನ ಸಿಡುಕು, ತಳಮಳ, ನಿದ್ರಾಭಂಗ ತೀವ್ರ. ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಚಪಲ ಕೆರಳಿದಾಗ ಸೋಂಪು ಅಗಿಯುತ್ತ ಕೆಲವು ನಿಮಿಷ ತಡೆಯಿರಿ. ಬೀಡಿ ಬಿಟ್ಟು ಗುಟ್ಕಾ ಹಿಡಿಯಬೇಡಿರಿ. ಆಗದವರು ನಿಕೋಟಿನ್ ಗಮ್ ಪಡೆಯಲು ನಾಚಬೇಕಿಲ್ಲ. 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಕೇಳಬಹುದು.