ಭಾಷಣ ಕನ್ನಡದ್ದು, ವ್ಯಾನು ಇಂಗ್ಲಿಷಿನದ್ದು

ನವೆಂಬರ್ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಊರಿನ ಮೈಕುಗಳಿಗೆ ಬಿಡುವಿಲ್ಲ. ಪಕ್ಷ ಯಾವುದೇ ಇರಲಿ, ಭಾಷಣ ಮಾತ್ರ ಒಂದೇ. ಕನ್ನಡ ಉಳೀಬೇಕು. ಸರ್ಕಾರಿ ಶಾಲೆ ಉಳೀಬೇಕು. ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರಬೇಕು. ಹೊರಗಿನವರು ಬಂದು ನಮ್ಮ ಹುಡುಗರ ಅನ್ನ ಕಸಿಯಬಾರದು. ಚಪ್ಪಾಳೆ, ಶಾಲು, ಹಾರ, ಫೋಟೋ. ಮಾರನೇ ದಿನ ಬೆಳಗ್ಗೆ ಎಂಟು ಗಂಟೆಗೆ ಇಂಥ ಎಷ್ಟೋ ಮುಖಂಡರ ಗೇಟಿನ ಮುಂದೆ ಹಳದಿ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಟೈ ಕಟ್ಟಿಕೊಂಡ ಮೊಮ್ಮಗ ಹತ್ತಿಕೊಳ್ಳುತ್ತಾನೆ. ನಿನ್ನೆ ಭಾಷಣ ಕೇಳಿ ಚಪ್ಪಾಳೆ ತಟ್ಟಿದವನ ಮಗ ಮಾತ್ರ ಚೀಲ ತಲೆ ಮೇಲೆ ಹಾಕಿಕೊಂಡು ಮಳೆಯಲ್ಲಿ ನಡೆದು ಸರ್ಕಾರಿ ಶಾಲೆಗೆ ಹೋಗ್ತಾನೆ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಮಗುವನ್ನು ಇಂಗ್ಲಿಷ್ ಶಾಲೆಗೆ ಹಾಕುವುದು ಅಪರಾಧವಲ್ಲ. ಅಡಿಕೆ ಮಂಡಿಯಲ್ಲಿ ಸಾಲ ಎತ್ತಿ ಫೀಸು ಕಟ್ಟುವ ರೈತ ಕಪಟಿಯಲ್ಲ. ಟೈಲರಿಂಗ್ ಮಾಡಿ ಮಗಳನ್ನು ಕಾನ್ವೆಂಟಿಗೆ ಕಳಿಸುವ ತಾಯಿಯೂ ಕಪಟಿಯಲ್ಲ. ಅವರು ಯಾವ ವೇದಿಕೆಯಲ್ಲೂ ಊರಿಗೆ ಉಪದೇಶ ಮಾಡಿದವರಲ್ಲ. ನಮ್ಮ ತಕರಾರು ಇರುವುದು ಆಯ್ಕೆಯನ್ನು ತನಗಿಟ್ಟುಕೊಂಡು ಆದರ್ಶವನ್ನು ಬೇರೆಯವರಿಗೆ ಹಂಚುವವರ ಮೇಲೆ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಕಾಗದದ ಮೇಲೆ ಕನ್ನಡ

ಹಳೇ ಕಡತ ಸ್ವಲ್ಪ ಬಿಚ್ಚಿ ನೋಡಿ. 1982ರಲ್ಲಿ ಗೋಕಾಕ್ ವರದಿಗಾಗಿ ನಾಡೇ ಎದ್ದಿತು. ಡಾ. ರಾಜ್‌ಕುಮಾರ್ ಬೀದಿಗಿಳಿದರು, ಗುಂಡೂರಾವ್ ಸರ್ಕಾರ ಬಗ್ಗಿತು. 1994ರ ಏಪ್ರಿಲಿನಲ್ಲಿ ವೀರಪ್ಪ ಮೊಯ್ಲಿ ಸರ್ಕಾರ ಆಜ್ಞೆ ಹೊರಡಿಸಿತು: ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಪಾಠ. ಕೇಳಲು ಚೆಂದ. ನಡೆದದ್ದೇನು? ಕನ್ನಡ ಮಾಧ್ಯಮ ಅಂತ ಅರ್ಜಿ ಹಾಕಿ ಪರವಾನಗಿ ತೆಗೆದುಕೊಂಡರು, ಒಳಗೆ ಇಂಗ್ಲಿಷಿನಲ್ಲಿ ಪಾಠ ಹೇಳಿದರು. ಇನ್‌ಸ್ಪೆಕ್ಟರ್ ಬರುವ ದಿನಕ್ಕೊಂದು ಕನ್ನಡ ಬೋರ್ಡು! ಹೀಗೆ ಮಾಡಿದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಗೆ 2006ರಲ್ಲಿ ಶಿಕ್ಷಣ ಸಚಿವ ಬಸವರಾಜ ಹೊರಟ್ಟಿಯವರು ಕೈ ಹಾಕಿದಾಗ ರಾಜ್ಯವೇ ಬೆಚ್ಚಿತು. ವಿಧಾನಸೌಧದಲ್ಲಿ ಕನ್ನಡಕ್ಕೆ ಕೈ ಎತ್ತುವವರು, ಊರಲ್ಲಿ ಶಾಲೆಯ ಟ್ರಸ್ಟಿಗೆ ಅಧ್ಯಕ್ಷರು. ಎರಡೂ ಕುರ್ಚಿ ಒಬ್ಬರದ್ದೇ ಆದರೆ ಕಾನೂನು ಯಾವ ಕುರ್ಚಿಯ ಕಾಲು ಹಿಡಿಯಬೇಕು?

ಕೊನೆಗೆ ಹೈಕೋರ್ಟ್ 2008ರಲ್ಲಿ ಖಾಸಗಿ ಶಾಲೆಗಳ ಮಟ್ಟಿಗೆ ಆ ಆಜ್ಞೆ ನಡೆಯೋದಿಲ್ಲ ಅಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆ ತಾಯಿ, ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ ಅಂತ ತೀರ್ಪು. ಆಗ ಶಿಕ್ಷಣ ಸಚಿವರಾಗಿದ್ದವರು ನಮ್ಮ ತೀರ್ಥಹಳ್ಳಿಯ ಕಿಮ್ಮನೆ ರತ್ನಾಕರ್. ಸಂವಿಧಾನ ತಿದ್ದುಪಡಿ ಮಾಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದರು. ಪತ್ರ ದಿಲ್ಲಿಗೆ ಹೋಯಿತು, ಮಕ್ಕಳು ವ್ಯಾನು ಹತ್ತಿ ಹೋದರು.

ಶಿಕ್ಷಣ ಮಂತ್ರಿಗಳಿಗೇನೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. 2023ರಲ್ಲಿ ಪಕ್ಕದ ಸೊರಬದ ಮಧು ಬಂಗಾರಪ್ಪನವರಿಗೆ ಅದೇ ಖಾತೆ ಸಿಕ್ಕಿತು. 2024ರ ನವೆಂಬರಿನಲ್ಲಿ, ಅದೂ ಕನ್ನಡದ ತಿಂಗಳಲ್ಲೇ, ಒಂದು ಆನ್‌ಲೈನ್ ಕಾರ್ಯಕ್ರಮದಲ್ಲಿ ಯಾವನೋ ಹುಡುಗ ವಿದ್ಯಾಮಂತ್ರಿಗೆ ಕನ್ನಡ ಬರೋದಿಲ್ಲ ಅಂದುಬಿಟ್ಟ. ಮಂತ್ರಿಗಳಿಗೆ ಸಿಟ್ಟು ಬಂತು, ಆ ಹುಡುಗನ ಮೇಲೆ ಕ್ರಮ ತಗೊಳ್ಳಿ ಅಂತ ಅಲ್ಲೇ ಅಧಿಕಾರಿಗಳಿಗೆ ಹೇಳಿದರು. ಹುಡುಗನ ಮಾತು ಒರಟೇ ಇರಬಹುದು. ಆದರೆ ಅವನು ಸರ್ಕಾರಿ ಕಾಲೇಜಿನ ಮಕ್ಕಳಿಗೆ ಇಟ್ಟ ಕಾರ್ಯಕ್ರಮದಲ್ಲಿ ಕೂತಿದ್ದವನು. ಕನ್ನಡದ ಪರೀಕ್ಷೆ ಬರೀ ನಮಗಷ್ಟೇನಾ ಅಂತ ಅವನಿಗೆ ಅನಿಸಿದ್ದರೆ ಆಶ್ಚರ್ಯವೇನು?

ಬಡವನ ಆಯ್ಕೆಗೆ ಬೀಗ

ಆಯ್ಕೆ ತಂದೆ ತಾಯಿಯದು ಅಂತ ಸುಪ್ರೀಂ ಕೋರ್ಟೇ ಹೇಳಿದ ಮೇಲೆ ಅದು ಎಲ್ಲರ ತಂದೆ ತಾಯಿಗೂ ಸಿಗಬೇಕಲ್ಲವೇ? 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದು ಕಿಂಡಿ ಇತ್ತು. ಖಾಸಗಿ ಶಾಲೆಗಳು ಪ್ರವೇಶ ತರಗತಿಯಲ್ಲಿ ನೂರಕ್ಕೆ 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಬಿಡಬೇಕು, ಫೀಸು ಸರ್ಕಾರ ಕಟ್ಟಬೇಕು. ಕರ್ನಾಟಕದಲ್ಲಿ 2012ರಿಂದ ಜಾರಿಗೆ ಬಂತು. ಕೂಲಿಯವನ ಮಗಳು, ಮುಖಂಡರ ಮೊಮ್ಮಗ ಒಂದೇ ಬೆಂಚಿನಲ್ಲಿ ಕೂರುವ ಕಾಲ ಬಂತು ಅಂದುಕೊಂಡರು.

2018ರ ಡಿಸೆಂಬರಿನಲ್ಲಿ ಸರ್ಕಾರ ನಿಯಮ ತಿದ್ದಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ. ಸರ್ಕಾರಿ ಶಾಲೆ ಉಳಿಸೋದಕ್ಕೆ ಅಂತ ಸಮಜಾಯಿಷಿ. ಲಕ್ಷದ ಮೇಲಿದ್ದ ಸೀಟುಗಳು ಮರುವರ್ಷವೇ ಪಾತಾಳಕ್ಕಿಳಿದವು. ಸರ್ಕಾರಿ ಶಾಲೆ ಉಳಿಸುವ ಹೊಣೆ ಯಾರ ತಲೆಗೆ ಬಿತ್ತು ನೋಡಿ: ಫೀಸು ಕಟ್ಟಲಾಗದವನ ಮಗುವಿನ ತಲೆಗೆ. ಫೀಸು ಕಟ್ಟಬಲ್ಲವನಿಗೆ ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೇನು, ಬಿಟ್ಟರೇನು? ನಿಯಮ ಅವನ ಗೇಟಿನೊಳಗೆ ಕಾಲಿಡಲಿಲ್ಲ.

ಉಪದೇಶಕ್ಕೆ ಬರವಿಲ್ಲದ ದೇಶ ಇದು. ಅಕ್ಕಪಕ್ಕದ ಮಕ್ಕಳೆಲ್ಲ ಒಂದೇ ನೆರೆಹೊರೆ ಶಾಲೆಗೆ ಹೋಗಬೇಕು ಅಂತ 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿ, ಇಂಗ್ಲಿಷ್ ಪ್ರೊಫೆಸರಾಗಿ ಬಾಳಿದ ಯು.ಆರ್. ಅನಂತಮೂರ್ತಿಯವರು ಸಮಾನ ಶಾಲೆ ಬೇಕು ಅಂತ ಕೊನೆತನಕ ಹೇಳುತ್ತಲೇ ಇದ್ದರು. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟ್ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರದ ಸಂಬಳ ತಿನ್ನುವ ಅಧಿಕಾರಿಗಳು, ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಲಿ ಅಂದಿತು. ಉತ್ತರ ಪ್ರದೇಶದಲ್ಲಿ ಆ ತೀರ್ಪು ಕಾಗದದಲ್ಲೇ ಉಳಿಯಿತು. ಅಂಥ ಮಸೂದೆ ತರುತ್ತೇವೆ ಅಂತ ಇಲ್ಲಿಯ ಯಾವ ಪಕ್ಷವೂ ಪಣ ತೊಡಲಿಲ್ಲ.

ಹೊರಗಿನವರು ಯಾರು ಸ್ವಾಮಿ?

ಈಗ ಭಾಷಣದ ಎರಡನೇ ಭಾಗಕ್ಕೆ ಬರೋಣ. ಅಸ್ಸಾಂ, ಬಂಗಾಳ, ಬಿಹಾರ, ಜಾರ್ಖಂಡಿನ ಹುಡುಗರು ಮಲೆನಾಡಿಗೆ ಬಂದಿದ್ದಾರೆ. ತೋಟದಲ್ಲಿ ಗೊಬ್ಬರ ಹೊರುತ್ತಾರೆ, ಹೋಟೆಲಿನಲ್ಲಿ ಲೋಟ ತೊಳೆಯುತ್ತಾರೆ, ಸಾರ್ವೆ ಕಟ್ಟಿ ಗಾರೆ ಕೆಲಸ ಮಾಡುತ್ತಾರೆ. ಕೇರಳದವರು ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕಿದ್ದಾರೆ. ಉತ್ತರ ಕರ್ನಾಟಕದಿಂದ ಸಂಸಾರ ಸಮೇತ ಕೂಲಿಗೆ ಬಂದವರಿದ್ದಾರೆ. ವೇದಿಕೆ ಮೇಲೆ ಇವರೆಲ್ಲ ‘ಹೊರಗಿನವರು’. ಇನ್ನೂ ಸ್ವಲ್ಪ ಗಂಟಲು ಏರಿದರೆ ಬಂಗಾಳಿ ಮಾತಾಡಿದವನೆಲ್ಲ ಬಾಂಗ್ಲಾದವನು. ವೇದಿಕೆ ಇಳಿದ ಮೇಲೆ ಮುಖಂಡರು ಮೇಸ್ತ್ರಿಗೆ ಫೋನ್ ಮಾಡ್ತಾರೆ: ‘ಕೊಯ್ಲು ಶುರುವಾತು ಮಾರಾಯ, ನಾಲ್ಕು ಜನ ಹಿಂದಿ ಹುಡುಗ್ರನ್ನ ಕಳ್ಸು.’

ಮಲೆನಾಡು ಯಾವತ್ತು ಹೊರಗಿನವರಿಲ್ಲದೆ ನಡೆದಿತ್ತು ಹೇಳಿ? ಘಟ್ಟದ ಕೆಳಗಿನಿಂದ ಸೇರೆಗಾರರು ಆಳುಗಳನ್ನು ಕರೆತರುತ್ತಿದ್ದ ಕಾಲದ ಚಿತ್ರ ಕುವೆಂಪು ಕಾದಂಬರಿಗಳಲ್ಲೇ ಇದೆ. ಅವರ ಮೊಮ್ಮಕ್ಕಳು ಇವತ್ತು ಇಲ್ಲಿಯ ಮತದಾರರು, ಸದಸ್ಯರು, ಅಧ್ಯಕ್ಷರು. ಇನ್ನು ನಮ್ಮವರೇ ವಲಸೆ ಹೋದದ್ದು ಕಡಿಮೆಯೇ? 1948ರಲ್ಲಿ ಮಡೆನೂರು ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಶರಾವತಿ ಕಣಿವೆಯ ಊರಿಗೆ ಊರೇ ಮುಳುಗಿ, ಜನ ಪಾತ್ರೆ ಪಗಡೆ ಲಾರಿಗೆ ಹಾಕಿಕೊಂಡು ಕಾಡಿನಲ್ಲಿ ಇಳಿದರು. ಇಳಿದ ಊರಿನಲ್ಲಿ ಅವರೂ ಹೊರಗಿನವರೇ ಆಗಿದ್ದರು. ಅಷ್ಟು ವರ್ಷವಾದರೂ ಎಷ್ಟೋ ಮನೆಗಳಿಗೆ ಹಕ್ಕುಪತ್ರದ ಚಿಂತೆ ತಪ್ಪಿಲ್ಲ. ಈ ನೋವು ಗೊತ್ತಿರುವ ನೆಲದಲ್ಲೇ ಇನ್ನೊಬ್ಬನನ್ನು ಹೊರಗಿನವನು ಅನ್ನೋದಕ್ಕೆ ನಾಲಿಗೆ ಹೇಗೆ ಬರುತ್ತದೋ.

ಕಡಲಾಚೆ ನೋಡಿ. ಸಾಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಅಮೆರಿಕದಲ್ಲಿ ಮಗ, ಇಲ್ಲ ಮಗಳು ಇಲ್ಲದ ಮನೆ ಹುಡುಕಬೇಕು. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಹೊಸ ಎಚ್‌-1ಬಿ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಿಸಿದಾಗ ಇಲ್ಲಿಯ ಜಗಲಿಗಳಲ್ಲಿ ಹಾಹಾಕಾರ. ‘ದುಡಿಯೋ ಹುಡುಗ್ರನ್ನ ಹೊರಗಿನವ್ರು ಅಂತಾರಲ್ಲ, ಇದು ನ್ಯಾಯಾನಾ?’ ನ್ಯಾಯವಲ್ಲ, ಒಪ್ಪಿದೆ. ಅದೇ ಪ್ರಶ್ನೆ ಅಂಗಳದಲ್ಲಿ ಅಡಿಕೆ ಹರವುತ್ತಿರುವ ಅಸ್ಸಾಮಿನ ಹುಡುಗನೂ ಕೇಳಬಹುದು. ಅವನಿಗೆ ಕನ್ನಡ ಬರುವುದಿಲ್ಲ ಎಂಬ ಒಂದೇ ಧೈರ್ಯ ನಮಗೆ.

ಗಡಿ ದಾಟಿದರೆ ನ್ಯಾಯವೂ ಬದಲು

2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿತು. ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನಮ್ಮ ಎಲ್ಲ ಪಕ್ಷದವರೂ ಬೆನ್ನಿಗೆ ನಿಂತರು: ಅಲ್ಪಸಂಖ್ಯಾತರ ಮಕ್ಕಳ ಮೇಲೆ ಭಾಷೆ ಹೇರಬಾರದು. ಸರಿಯಾದ ಮಾತು. ಅದೇ ಹೊತ್ತಿಗೆ ಇಲ್ಲಿ ಎಲ್ಲ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು ಎಂಬ 2015ರ ಕಾಯ್ದೆ ಜಾರಿಯಾಗುತ್ತಿತ್ತು. ಇದ್ದ ನಾಡಿನ ಭಾಷೆ ಕಲಿಯಲಿ ಅನ್ನುವುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಹೇರಿಕೆ, ಇಲ್ಲಿ ಅಭಿಮಾನ ಅಂತ ಒಂದೇ ಕೆಲಸಕ್ಕೆ ಎರಡು ಹೆಸರಿಡುವುದು ಯಾವ ನ್ಯಾಯ? ಹೇರಿಕೆ ತಪ್ಪು ಅಂದರೆ ಎರಡೂ ಕಡೆ ತಪ್ಪು. ಸರಿ ಅಂದರೆ ಕಲಿಸುವ ಮೇಷ್ಟ್ರನ್ನೂ ಪುಸ್ತಕವನ್ನೂ ಎರಡೂ ಕಡೆ ಮೊದಲು ಕೊಡಬೇಕು.

ಇದಕ್ಕಿಂತ ತಮಾಷೆ 2024ರ ಜುಲೈನದ್ದು. ಖಾಸಗಿ ಉದ್ಯಮದಲ್ಲಿ ಮೇಲಿನ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದ ಕೆಲಸಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ ಅಂತ ರಾಜ್ಯ ಸಂಪುಟ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಂಪನಿಗಳು ಕಣ್ಣು ಬಿಟ್ಟವು, ಎರಡೇ ದಿನದಲ್ಲಿ ಮಸೂದೆ ಮೂಲೆ ಸೇರಿತು. ಅದರೊಳಗೆ ಒಂದು ಷರತ್ತಿತ್ತು: ಹೈಸ್ಕೂಲಿನಲ್ಲಿ ಕನ್ನಡ ಒಂದು ಭಾಷೆಯಾಗಿ ಓದದವರು ಕನ್ನಡದ ಪರೀಕ್ಷೆ ಪಾಸು ಮಾಡಬೇಕು. ಮಸೂದೆ ಕಾಯ್ದೆಯಾಗಿದ್ದರೆ ಮೊದಲ ಸಾಲಿನಲ್ಲಿ ಆ ಪರೀಕ್ಷೆಗೆ ಕೂರಬೇಕಾದವರು ಯಾರು? ಮೈಸೂರು, ಬೆಂಗಳೂರು, ಊಟಿಯ ಬೋರ್ಡಿಂಗ್ ಶಾಲೆಗಳಲ್ಲಿ ಕನ್ನಡ ಮುಟ್ಟದೆ ಓದಿ ಬಂದ ದೊಡ್ಡವರ ಮಕ್ಕಳು. ಹೊಸನಗರದ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದ ಕೂಲಿಯವನ ಮಗ ಪರೀಕ್ಷೆಯಿಲ್ಲದೆ ಕನ್ನಡಿಗ!

ಸೋರುವ ಸೂರು ಯಾರ ತಲೆ ಮೇಲೆ?

ಹೋಗ್ಲಿ ಬಿಡಿ, ಅವರ ಮಕ್ಕಳು ಎಲ್ಲಿ ಓದಿದರೆ ನಮಗೇನು ಅನ್ನಬಹುದು. ನಮಗೆ ಬಹಳ ಇದೆ. ಊರಿನ ಗಟ್ಟಿ ಗಂಟಲಿನವರ ಮಕ್ಕಳು ಶಾಲೆ ಬಿಟ್ಟು ಹೋದ ದಿನವೇ ಆ ಶಾಲೆಯ ಗಂಟಲೂ ಹೋಯಿತು. ನಗರ, ನಿಟ್ಟೂರು, ಆಗುಂಬೆ ಕಡೆಯ ಮಳೆ ಗೊತ್ತಲ್ಲ. ಹೆಂಚು ಹಾರಿ ಶಾಲೆ ಸೋರಿದರೆ ಮೊದಲು ಪಟೇಲರು, ಶಾನುಭೋಗರು ಬಿಇಓ ಆಫೀಸಿಗೆ ಹೋಗಿ ಟೇಬಲ್ ಗುದ್ದುತ್ತಿದ್ದರು, ಯಾಕೆಂದರೆ ಒದ್ದೆಯಾಗುತ್ತಿದ್ದುದು ಅವರ ಮಕ್ಕಳೂ ಹೌದು. ಈಗ ಒದ್ದೆಯಾಗುವವರ ಅಪ್ಪ ಒಂದು ದಿನದ ಕೂಲಿ ಬಿಟ್ಟು ಸಾಗರಕ್ಕೆ ಬರಬೇಕು. ಬಂದರೂ ಒಳಗೆ ಬಿಡುವವರು ಯಾರು?

ಮಕ್ಕಳು ಹತ್ತಕ್ಕಿಂತ ಕಡಿಮೆ, ಇಬ್ಬರು ಮಕ್ಕಳಿಗೆ ಒಬ್ಬ ಮೇಷ್ಟ್ರು, ಶಾಲೆ ನಡೆಸೋದು ನಷ್ಟ ಅಂತ ಮುಂದಿನ ಮಾತು. ಮೊದಲು ವಿಲೀನ, ಆಮೇಲೆ ಬೀಗ. ತುಮರಿ ಕಡೆಯವರು ದಶಕಗಟ್ಟಲೆ ಕಾದ 2.44 ಕಿಲೋಮೀಟರಿನ ಸಿಗಂದೂರು ಸೇತುವೆ 2025ರ ಜುಲೈ 14ರಂದು ತೆರೆಯಿತು. ಬಹಳ ಸಂತೋಷ, ಬಾಣಂತಿಯರು ಲಾಂಚ್ ಕಾಯುವುದು ತಪ್ಪಿತು. ಆದರೆ ಆಂಬುಲೆನ್ಸು ದಾಟುವ ಸೇತುವೆ ಮೇಲೆ ಹಳದಿ ವ್ಯಾನೂ ದಾಟುತ್ತದೆ. ದ್ವೀಪದಂತಿದ್ದ ಊರಿನ ಶಾಲೆಗಳನ್ನು ಕಾಯುವ ಯೋಜನೆ ಏನಾದರೂ ಯಾರಾದರೂ ಮಾಡಿದ್ದಾರಾ?

ಭಾಷಣದಲ್ಲಿ ಹೇಳುವ ವಿವಿಧತೆ ನಿಜವಾಗಿ ಎಲ್ಲಿದೆ ಗೊತ್ತಾ? ಅದೇ ಸೋರುವ ಶಾಲೆಯ ಬಿಸಿಯೂಟದ ಸಾಲಿನಲ್ಲಿದೆ. ಅಲ್ಲಿ ದೀವರ ಹುಡುಗ, ಹಸಲರ ಹುಡುಗಿ, ಸಾಬರ ಮಗ, ವಿಜಯಪುರದಿಂದ ಬಂದ ಕೂಲಿಯವಳ ಮಗಳು, ಜಾರ್ಖಂಡಿನ ಮೇಸ್ತ್ರಿಯ ಮಗ ಒಟ್ಟಿಗೆ ತಟ್ಟೆ ಹಿಡಿದು ಕೂರುತ್ತಾರೆ. ಹಿಂದಿ ಮಾತಾಡುತ್ತ ಬಂದ ಹುಡುಗ ಎರಡು ವರ್ಷಕ್ಕೆ ‘ಎಂತ ಮಾರಾಯ’ ಅನ್ನಲು ಕಲಿಯುತ್ತಾನೆ. ಹೊರಗಿನವನನ್ನು ಒಳಗಿನವನನ್ನಾಗಿ ಮಾಡುವ ಕಾರ್ಖಾನೆ ನಮ್ಮಲ್ಲಿ ಇರುವುದು ಅದೊಂದೇ. ಕನ್ನಡದ ಹೆಸರಿನಲ್ಲಿ ಮತ ಕೇಳುವವರ ಕಣ್ಣೆದುರೇ ಆ ಕಾರ್ಖಾನೆಗೆ ಬೀಗ ಬೀಳುತ್ತಿದೆ.

ಚುನಾವಣೆಗೆ ನಿಲ್ಲುವವರು ಈಗ ಆಸ್ತಿ, ಸಾಲ, ಕ್ರಿಮಿನಲ್ ಕೇಸು, ಹೆಂಡತಿಯ ಒಡವೆ ತನಕ ಪ್ರಮಾಣಪತ್ರದಲ್ಲಿ ಬರೆದುಕೊಡುತ್ತಾರೆ. ಮಕ್ಕಳು, ಮೊಮ್ಮಕ್ಕಳು ಯಾವ ಶಾಲೆ, ಯಾವ ಮಾಧ್ಯಮ ಎಂಬ ಕಾಲಂ ಅದರಲ್ಲಿಲ್ಲ. ಕಾಯ್ದೆ ಬರುವತನಕ ಕಾಯಬೇಕಾಗಿಲ್ಲ, ಆ ಕಾಲಂ ಓದುಗರೇ ಬರೆಯಬಹುದು. ಮುಂದಿನ ಗ್ರಾಮಸಭೆಗೆ, ಮುಂದಿನ ರಾಜ್ಯೋತ್ಸವಕ್ಕೆ ಶಾಲು ಹಾಕಿಸಿಕೊಂಡವರು ಮೈಕು ಹಿಡಿದಾಗ ಎದ್ದು ನಿಂತು ಮರ್ಯಾದೆಯಿಂದ ಎರಡೇ ಪ್ರಶ್ನೆ ಕೇಳಿ: ‘ನಿಮ್ಮ ಮಕ್ಕಳು ಎಲ್ಲಿ ಓದ್ತಾರೆ ಸ್ವಾಮಿ? ನಮ್ಮೂರ ಶಾಲೆ ಹೆಂಚು ಯಾವಾಗ ಹಾಕಿಸ್ತೀರಿ?’ ಮೊದಲನೆಯದಕ್ಕೆ ಉತ್ತರ ಬರದಿದ್ದರೂ ಅಡ್ಡಿಯಿಲ್ಲ. ಎರಡನೆಯದಕ್ಕೆ ಉತ್ತರ ಬರುವ ತನಕ ಕೂರಬೇಡಿ.