ಕಡಲ ದಂಡೆಯ ಸೂರು ಯಾರಿಗೆ?

ಗೋವೆಯಲ್ಲಿ ಮನೆಯ ಪ್ರಶ್ನೆಯನ್ನು ಎತ್ತಿದೊಡನೆ ‘ಹೊರಗಿನವರು’ ಎಂಬ ಮಾತು ಎದುರಿಗೆ ಬಂದು ನಿಲ್ಲುತ್ತದೆ. ನೆಲ ಕಿರಿದಾಯಿತು, ಬಾಡಿಗೆ ಏರಿತು, ನಲ್ಲಿಯ ನೀರು ಸಾಲದಾಯಿತು, ಊರಿನ ಚಹರೆ ಅಳಿಯಿತು. ಎಲ್ಲಕ್ಕೂ ಹೊರಗಿನವರೇ ಕಾರಣವೆಂಬ ತೀರ್ಪು ಚಹದಂಗಡಿಯಿಂದ ವಿಧಾನಸಭೆಯವರೆಗೆ ಕೇಳಿಬರುತ್ತದೆ. ಈ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾವು ವಾದಿಸುವುದಿಲ್ಲ. 3,702 ಚದರ ಕಿಲೋಮೀಟರುಗಳ ಪುಟ್ಟ ರಾಜ್ಯ ಎಷ್ಟು ಜನರನ್ನು ಹೊತ್ತೀತು ಎಂಬ ಆತಂಕ ನ್ಯಾಯವಾದದ್ದೇ. ನಮ್ಮ ಪ್ರಶ್ನೆ ಇಷ್ಟೇ: ಹೊರಗಿನವರೆಂದರೆ ಯಾರು? ಆ ಹೆಸರು ಯಾರಿಗೆ ಅಂಟುತ್ತದೆ, ಯಾರಿಗೆ ಅಂಟುವುದಿಲ್ಲ?

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿಗಳಿಂದ ಬಂದು ಇಲ್ಲಿ ಗಾರೆ ಕಲಸುವ, ಮೀನಿನ ಬುಟ್ಟಿ ಹೊರುವ, ಮನೆಗೆಲಸ ಮಾಡುವ ನಮ್ಮ ಜನರಿಗೆ ‘ಘಾಂಟಿ’ ಎಂಬ ಹೆಸರಿದೆ. ಘಟ್ಟದ ಆಚೆಯವರು ಎಂಬುದು ಅದರ ಮೂಲಾರ್ಥ. ಅದೊಂದು ಭೂಗೋಳದ ಪದವಷ್ಟೇ ಆಗಿದ್ದರೆ ದಿಲ್ಲಿಯಿಂದಲೋ ಗುರುಗ್ರಾಮದಿಂದಲೋ ಬಂದು ಅಸಗಾಂವ್, ಶಿವೋಲಿಗಳಲ್ಲಿ ಈಜುಕೊಳವುಳ್ಳ ಬಂಗಲೆ ಕೊಳ್ಳುವವರೂ ಘಾಂಟಿಗಳೇ ಆಗಬೇಕಿತ್ತು. ಅವರೂ ಘಟ್ಟದ ಆಚೆಯವರೇ. ಆದರೆ ಅವರನ್ನು ಎದುರಿಗೆ ನಿಂತು ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಬಂದಂತಿಲ್ಲ. ಅವರು ‘ಹೂಡಿಕೆದಾರರು’. ಒಂದೇ ಘಟ್ಟವನ್ನು ದಾಟಿ ಬಂದವರಲ್ಲಿ ಒಬ್ಬನಿಗೆ ಬೈಗುಳ, ಇನ್ನೊಬ್ಬನಿಗೆ ಸ್ವಾಗತ ದೊರೆಯುತ್ತದೆಯಾದರೆ, ಅಲ್ಲಿ ಅಳೆಯಲ್ಪಡುತ್ತಿರುವುದು ಊರಲ್ಲ, ಕಿಸೆ.

ಮನೆಯ ಬೆಲೆ ಏರುವ ಬಗೆಯನ್ನು ಬಿಡಿಸಿ ನೋಡಿದರೆ ಸತ್ಯ ಇನ್ನಷ್ಟು ನಿಚ್ಚಳವಾಗುತ್ತದೆ. ಕೂಲಿಕಾರನು ಹತ್ತಡಿಯ ಖೋಲಿಯನ್ನು ನಾಲ್ವರೊಡನೆ ಹಂಚಿಕೊಂಡು ಮಲಗುತ್ತಾನೆ. ಅವನಿಂದ ನಿವೇಶನದ ಬೆಲೆ ಏರುವುದಿಲ್ಲ. ಬೆಲೆ ಏರುವುದು ವರ್ಷಕ್ಕೆ ಮೂರು ವಾರ ಬಂದುಹೋಗುವವರ ಎರಡನೆಯ ಮನೆಯಿಂದ; ಕೊಂಡಿಟ್ಟು ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರಿಂದ; ಹನ್ನೊಂದು ತಿಂಗಳ ಕರಾರಿಗೆ ಕೊಡುತ್ತಿದ್ದ ಮನೆಯನ್ನು ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡತೊಡಗಿದ ಮಾಲೀಕರಿಂದ. 2020ರ ಸೋಂಕಿನ ವರ್ಷದ ನಂತರ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಪಡೆದವರು ಕಡಲ ಗಾಳಿಯನ್ನು ಅರಸಿ ಬಂದರು. 2022ರ ಡಿಸೆಂಬರಿನಲ್ಲಿ ಮೋಪಾ ವಿಮಾನ ನಿಲ್ದಾಣ ಉದ್ಘಾಟನೆಗೊಂಡು ಉತ್ತರದ ಹಳ್ಳಿಗಳೂ ಮಾರುಕಟ್ಟೆಗೆ ಹತ್ತಿರವಾದವು. ಒಂದು ವಾರದ ಪ್ರವಾಸಿ ಬಾಡಿಗೆ ಒಂದು ತಿಂಗಳ ಸಂಸಾರದ ಬಾಡಿಗೆಯನ್ನು ಮೀರಿಸುವಲ್ಲಿ ಶಾಲಾ ಶಿಕ್ಷಕನಿಗಾಗಲಿ ದಾದಿಗಾಗಲಿ ಬಸ್ಸಿನ ಚಾಲಕನಿಗಾಗಲಿ ಮನೆ ಎಲ್ಲಿಂದ ದೊರೆತೀತು?

2011ರ ಜನಗಣತಿಯ ವೇಳೆಗೇ ಗೋವೆಯ ಪ್ರತಿ ಐದು ಮನೆಗಳಲ್ಲಿ ಒಂದರಷ್ಟು ಖಾಲಿಯಿದ್ದವು. ಇವೆಲ್ಲವೂ ಸಿರಿವಂತರ ವಿಲಾಸದ ಮನೆಗಳಲ್ಲ. ಮುಂಬಯಿಗೋ ಕೊಲ್ಲಿ ನಾಡಿಗೋ ಪೋರ್ಚುಗಲ್ಲಿಗೋ ಹೋದವರ ಪಿತ್ರಾರ್ಜಿತ ಮನೆಗಳೂ, ಪಾಲುದಾರಿಕೆಯ ವ್ಯಾಜ್ಯದಲ್ಲಿ ಸಿಲುಕಿದ ಮನೆಗಳೂ ಅವುಗಳಲ್ಲಿವೆ. ಹಾಗಿದ್ದರೂ ಮಾತು ಉಳಿಯುತ್ತದೆ. ಅದೇ ಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ಸುಮಾರು 68 ಸಾವಿರ, ರಾಜ್ಯದ ಜನಸಂಖ್ಯೆಯ ಶೇಕಡಾ ಐದಕ್ಕೂ ಕಡಿಮೆ. ಬೀಗ ಜಡಿದ ಮನೆಗಳನ್ನು ಬಿಟ್ಟು ಈ ಬಡ ಅಲ್ಪಸಂಖ್ಯಾತರನ್ನು ಬೊಟ್ಟುಮಾಡಿ ತೋರಿಸುವುದು ಯಾವ ಲೆಕ್ಕಾಚಾರ?

ಕಾನೂನಿನ ಕೈಯೂ ಹೀಗೆಯೇ ಭೇದವೆಣಿಸುತ್ತ ಬಂದಿದೆ. 2004ರ ಜೂನ್ 14ರಂದು, ಮಳೆಗಾಲ ಕಾಲಿಡುವ ಹೊತ್ತಿನಲ್ಲಿ, ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು ಸರಕಾರ ನೆಲಸಮ ಮಾಡಿತು. ವೇಶ್ಯಾವಾಟಿಕೆಯನ್ನು ತೆರವುಗೊಳಿಸುವುದು ಅದರ ಘೋಷಿತ ಉದ್ದೇಶ. ಆದರೆ ಆ ವೃತ್ತಿಗೆ ಸಂಬಂಧವೇ ಇಲ್ಲದ ಕೂಲಿಕಾರರ ಸಂಸಾರಗಳೂ ಬಯಲಿಗೆ ಬಿದ್ದವು. ದಶಕದ ಬಳಿಕ ಅದೇ ತೀರದ ಮನೆಗಳ ಮೇಲೆ ಯಂತ್ರಗಳು ಮತ್ತೆ ಹರಿದವು. ಸರಕಾರಿ ಜಾಗ, ಕರಾವಳಿ ನಿಯಂತ್ರಣ ವಲಯ, ಪರವಾನಗಿಯ ಅಭಾವ ಎಂಬ ಕಾರಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಕಾನೂನು ಕಾನೂನೇ. ಆದರೆ ಭೂ ಬಳಕೆಯ ನಕ್ಷೆ ಧನಿಕನ ಆಸೆಗೆ ಅಡ್ಡಬಂದಾಗ ಬದಲಾಗುವುದು ಆಸೆಯಲ್ಲ, ನಕ್ಷೆ! 1974ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಗೆ 2023ರಲ್ಲಿ 17(2) ಎಂಬ ಉಪವಿಧಿಯೂ 2024ರಲ್ಲಿ 39ಎ ಎಂಬ ವಿಧಿಯೂ ಸೇರಿಕೊಂಡು, ಮಾಲೀಕನ ಅರ್ಜಿಯ ಮೇರೆಗೆ ಒಂದೊಂದು ತುಂಡು ನೆಲದ ವಲಯವನ್ನೂ ಬದಲಿಸುವ ದಾರಿ ತೆರೆಯಿತು. ಮೊದಲನೆಯದರ ಅಡಿಯಲ್ಲಿ ರಚಿಸಿದ ನಿಯಮಗಳನ್ನು ಬಾಂಬೆ ಹೈಕೋರ್ಟಿನ ಗೋವಾ ಪೀಠ 2025ರ ಮಾರ್ಚಿನಲ್ಲಿ ರದ್ದುಪಡಿಸಬೇಕಾಯಿತು. ಗುಡಿಸಲಿಗೆ ನಕ್ಷೆ ಕಲ್ಲಿನಲ್ಲಿ ಕೊರೆದ ಶಾಸನ. ಬಂಗಲೆಗೆ ಅದೇ ನಕ್ಷೆ ಮರಳಿನ ಮೇಲಿನ ಗೆರೆ.

2021ರ ಜುಲೈಯಲ್ಲಿ ವಿಧಾನಸಭೆ ‘ಭೂಮಿಪುತ್ರ ಅಧಿಕಾರಿಣಿ’ ಮಸೂದೆಯನ್ನು ಅಂಗೀಕರಿಸಿತು. ಮೂವತ್ತು ವರ್ಷ ಇಲ್ಲಿ ನೆಲೆಸಿದವರಿಗೆ ತಾವು ವಾಸಿಸುವ ಸಣ್ಣ ಮನೆಯ ಒಡೆತನ ಪಡೆಯುವ ಅವಕಾಶವನ್ನು ಅದು ಕೊಡಬಯಸಿತ್ತು. ವಿರೋಧ ಭುಗಿಲೆದ್ದಿತು, ಮಸೂದೆ ಕಾಯಿದೆಯಾಗಲಿಲ್ಲ. ‘ಭೂಮಿಪುತ್ರ’ ಎಂಬ ಹೆಸರಿಗೆ ಆದಿವಾಸಿ ಸಮುದಾಯ ಎತ್ತಿದ ಆಕ್ಷೇಪವನ್ನೂ, ಕೊಮುನಿದಾದ್‌ಗಳ ಸಾಮೂಹಿಕ ಭೂಮಿಯ ಬಗೆಗಿನ ಆತಂಕವನ್ನೂ ನಾವು ಗೌರವಿಸುತ್ತೇವೆ. ಗೌರವಿಸಲಾಗದ್ದು ಇವುಗಳ ಜೊತೆಗೇ ಕೇಳಿಬಂದ ಇನ್ನೊಂದು ಕೂಗನ್ನು: ವಲಸೆಗಾರರ ಜೋಪಡಿಗಳು ಸಕ್ರಮವಾಗಿಬಿಡುತ್ತವೆ ಎಂಬ ಕೂಗು. ಮೂವತ್ತು ವರ್ಷ ದುಡಿದು, ಇಲ್ಲಿಯೇ ಮಕ್ಕಳನ್ನು ಹೆತ್ತು, ಇಲ್ಲಿಯ ಶಾಲೆಗೆ ಕಳಿಸಿದವನು ಇನ್ನೆಷ್ಟು ವರ್ಷ ಕಳೆದರೆ ಒಳಗಿನವನಾದಾನು?

ಗೋವೆಗೆ ಈ ನೋವು ಅಪರಿಚಿತವಲ್ಲ. ಭಾಟ್ಕಾರನ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡು, ಅವನ ಮರ್ಜಿಯಲ್ಲಿ ಬದುಕಿದ ಮುಂಡಕಾರನ ಕಥೆ ಈ ನೆಲದ್ದೇ. ಅವನನ್ನು ಎಬ್ಬಿಸಬಾರದೆಂದು 1975ರಲ್ಲಿ ಕಾಯಿದೆ ಮಾಡಿದ ನಾಡು ಇದು. ತಲೆಯ ಮೇಲಿನ ಸೂರು ನೆಲದ ಒಡೆಯನ ದಯೆಯಾಗಬಾರದೆಂಬುದೇ ಆ ಕಾಯಿದೆಯ ತಿರುಳು. ಆ ತತ್ತ್ವಕ್ಕೆ ಭಾಷೆಯ ಗಡಿ ಏಕೆ? ಇಂದು ಗೋವೆಯ ತರುಣ ದಂಪತಿಗಳಿಗೂ ಹುಟ್ಟೂರಿನಲ್ಲಿ ಮನೆ ಕೊಳ್ಳುವುದು ಎಟುಕದ ಮಾತಾಗಿದೆ. ಅವರನ್ನು ಊರಿನಿಂದ ದೂಡುತ್ತಿರುವ ಬೆಲೆಯೇ ನಮ್ಮ ಕೂಲಿಕಾರರನ್ನು ಖೋಲಿಯಿಂದ ಖೋಲಿಗೆ ಅಟ್ಟುತ್ತಿದೆ. ಇವರಿಬ್ಬರೂ ಪರಸ್ಪರ ಜಗಳವಾಡುವಷ್ಟು ಕಾಲವೂ ಭೂ ವ್ಯಾಪಾರಿಗೆ ಹಬ್ಬ.

ಇನ್ನು ನಮ್ಮ ಮನೆಯೊಳಗಿನ ಮಾತು. ಅಂತಸ್ತಿನ ಗರ್ವ ಅನ್ಯರ ಸೊತ್ತೇನೂ ಅಲ್ಲ. ಬ್ಯಾಂಕು, ಬಂದರು, ಕಾರ್ಖಾನೆ, ಕಾಲೇಜುಗಳಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ಕನ್ನಡಿಗರಲ್ಲಿ ‘ನಾವು ಆ ಬಗೆಯ ಕನ್ನಡಿಗರಲ್ಲ’ ಎಂದು ನೆರೆಯವರಿಗೆ ತಿಳಿಯಪಡಿಸುವವರು ಇದ್ದಾರೆ. ಸ್ವಂತ ಫ್ಲ್ಯಾಟನ್ನು ಬಾಡಿಗೆಗೆ ಕೊಡುವಾಗ ‘ಲೇಬರ್ ಜನ ಬೇಡ’ ಎನ್ನುವವರೂ ಇದ್ದಾರೆ. ನವೆಂಬರಿನಲ್ಲಿ ಕದಂಬರ ಶಾಸನಗಳನ್ನು ಸ್ಮರಿಸಿ, ಈ ನೆಲಕ್ಕೂ ಕನ್ನಡಕ್ಕೂ ಇರುವ ನಂಟನ್ನು ಕೊಂಡಾಡಿ, ಡಿಸೆಂಬರಿನಲ್ಲಿ ಬೀದಿಗೆ ಬಿದ್ದ ಕನ್ನಡ ಸಂಸಾರವನ್ನು ಕಂಡೂ ಕಾಣದಂತೆ ನಡೆಯುವುದು ಯಾವ ಅಭಿಮಾನ? ಗೋವಾ ಕದಂಬರು ಆಳಿದ್ದು ಚರಿತ್ರೆಯ ಸತ್ಯ. ಅದು ಯಾರಿಗೂ ಇಂದು ಒಂದು ಖೋಲಿಯನ್ನು ಕೊಡಿಸುವುದಿಲ್ಲ. ಚರಿತ್ರೆಯಿಂದಲೇ ಉದಾಹರಣೆ ಬೇಕಾದರೆ 16ನೆಯ ಶತಮಾನವನ್ನು ನೆನೆಯೋಣ. ಪೋರ್ಚುಗೀಸರ ಕಾಲದಲ್ಲಿ ಗೋವೆ ತೊರೆದ ಎಷ್ಟೋ ಕೊಂಕಣಿ ಕುಟುಂಬಗಳು ಕಾರವಾರದಿಂದ ಮಂಗಳೂರಿನವರೆಗೆ ನೆಲೆ ಕಂಡುಕೊಂಡವು. ಅಲ್ಲಿ ಕೊಂಕಣಿ ಇಂದಿಗೂ ಕನ್ನಡ ಲಿಪಿಯಲ್ಲಿ ಬರೆಯಲ್ಪಡುತ್ತದೆ. ಇದನ್ನು ಋಣದ ಪಟ್ಟಿಯಾಗಿ ಯಾರ ಮುಂದೆಯೂ ಹಿಡಿಯಬೇಕಿಲ್ಲ. ಬಂದವರು ಊರಿನವರಾಗಬಲ್ಲರು ಎಂಬುದಕ್ಕೆ ಎರಡೂ ನಾಡುಗಳು ಸಾಕ್ಷಿ ಎಂದರೆ ಸಾಕು.

ಆದ್ದರಿಂದ ಈ ಸಮ್ಮೇಳನ ವಾಡಿಕೆಯ ನಿರ್ಣಯಗಳ ಜೊತೆಗೆ ಸೂರಿನ ನಿರ್ಣಯವನ್ನೂ ಕೈಗೊಳ್ಳಬೇಕೆಂದು ನಾವು ಆಗ್ರಹಿಸುತ್ತೇವೆ. ಮೊದಲನೆಯದಾಗಿ, ಪುನರ್ವಸತಿಯ ಏರ್ಪಾಡಿಲ್ಲದೆ, ಅದರಲ್ಲೂ ಮಳೆಗಾಲದಲ್ಲಿ, ಯಾವ ವಾಸದ ಮನೆಯನ್ನೂ ಕೆಡಹಕೂಡದು. ಎರಡನೆಯದಾಗಿ, ಕಟ್ಟಡ ಕಾಮಗಾರಿಗಳ ಮೇಲೆ ವಸೂಲಾಗುವ ಶೇಕಡಾ ಒಂದರ ಕಾರ್ಮಿಕ ಸೆಸ್ಸು ಕಟ್ಟಡ ಕಟ್ಟುವವರ ಬೆವರಿನ ಹಣ. ವಾಸ್ಕೋ, ಮಡಗಾಂವ್, ಪಣಜಿಗಳಲ್ಲಿ ಅವರಿಗಾಗಿ ಅಗ್ಗದ ಬಾಡಿಗೆ ವಸತಿ ಎದ್ದು ನಿಲ್ಲಬೇಕು. ಊರಿನ ಬಡವರಿಗೂ ಅಂಥದೇ ವಸತಿಯನ್ನು ಸರಕಾರ ತನ್ನ ಬೊಕ್ಕಸದಿಂದ ಕಟ್ಟಬೇಕು. ಮೂರನೆಯದಾಗಿ, ವರ್ಷವಿಡೀ ಬೀಗ ಹಾಕಿದ ಎರಡನೆಯ ಮನೆಗಳ ಮೇಲೆ ಹೆಚ್ಚಿನ ಮನೆತೆರಿಗೆ ಬೀಳಬೇಕು. ನಾಲ್ಕನೆಯದಾಗಿ, ಪ್ರವಾಸಿ ವಸತಿಗಳ ನೋಂದಣಿಗೆ 1982ರಿಂದಲೇ ಕಾಯಿದೆಯಿದೆ. ದಿನಬಾಡಿಗೆಯ ಪ್ರತಿ ಮನೆಗೂ ಅದು ಅನ್ವಯವಾಗಬೇಕು. ಬಾಡಿಗೆದಾರನ ಗುರುತುಪತ್ರವನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕೆನ್ನುವ ವ್ಯವಸ್ಥೆಗೆ ಬಾಡಿಗೆ ಕೊಡುವವನ ಲೆಕ್ಕ ಕೇಳುವುದು ಕಷ್ಟವಾಗಲಾರದು.

ಸಂಘಗಳಿಗೂ ಹೊಣೆಯಿದೆ. ಕನ್ನಡ ಭವನದ ಕನಸು ನನಸಾಗಲಿ. ಆದರೆ ಅದರ ನೆಲಮಹಡಿಯಲ್ಲಿ ಸಭಾಂಗಣಕ್ಕಿಂತ ಮೊದಲು ಬಾಡಿಗೆ ಕರಾರು ಓದಿಹೇಳುವ, ಕಾರ್ಮಿಕ ಕಾರ್ಡಿಗೆ ಅರ್ಜಿ ಬರೆದುಕೊಡುವ, ಎಬ್ಬಿಸುವ ನೋಟೀಸು ಬಂದವನಿಗೆ ವಕೀಲರನ್ನು ತೋರಿಸುವ ಒಂದು ಕೋಣೆಯಿರಲಿ. ಊರಿಂದ ಬಂದವನಿಗೆ ನಾಲ್ಕು ದಿನ ತಂಗಲು ಜಾಗವಿರಲಿ. ಅಲ್ಲಿಯೇ ಸಂಜೆಯ ಹೊತ್ತು ಕೊಂಕಣಿ ಕಲಿಸುವ ತರಗತಿಯೂ ನಡೆಯಲಿ. ನೆರೆಯವನ ನುಡಿಯಲ್ಲಿ ನಮ್ಮ ಕಷ್ಟವನ್ನು ಹೇಳಬಲ್ಲೆವಾದರೆ ಅವನ ಕಷ್ಟವೂ ನಮಗೆ ಅರ್ಥವಾದೀತು. ಈ ಕೋಣೆಯ ಖರ್ಚನ್ನು ಹೊರಬೇಕಾದವರು ನಮ್ಮಲ್ಲಿನ ಸ್ಥಿತಿವಂತರೇ. ಸಮ್ಮೇಳನ ಮುಗಿಯುವ ಮುನ್ನ ಅದಕ್ಕೊಂದು ನಿಧಿ ತೆರೆಯಬೇಕು, ಸಮಿತಿ ನೇಮಕವಾಗಬೇಕು, ಮುಂದಿನ ಸಮ್ಮೇಳನದ ವೇದಿಕೆಯ ಮೇಲೆ ಆ ಸಮಿತಿ ಎಷ್ಟು ಸಂಸಾರಗಳಿಗೆ ನೆರವಾಯಿತೆಂಬ ಲೆಕ್ಕ ಒಪ್ಪಿಸಬೇಕು.